ಎಡಗೈಯ ಬೆರಳುಗಳು

ಇದನ್ನು ಬರೆಯಲು ಕುಳಿತು ನಾಲ್ಕು ದಿನವಾಯಿತು. ಒಂದು ಸಾಲು ಬರೆದರೆ ಎದ್ದು ಹಿತ್ತಲಿಗೆ ಹೋಗುತ್ತೇನೆ. ಬಂದು ಇನ್ನೊಂದು ಸಾಲು ಬರೆದರೆ ಚಪ್ಪಲಿ ಮೆಟ್ಟಿಕೊಂಡು ಎಲೆಬಳ್ಳಿ ತೋಟದ ಕಡೆ ಹೊರಡುತ್ತೇನೆ. ನಿನ್ನೆ ಸೊಸೆ ತಡೆಯಲಾರದೆ ಕೇಳಿದಳು: "ಮಾವಾರ, ಕುರ್ಚ್ಯಾಗ ಇರಿವಿ ಅದಾವೇನ್ರಿ? ಕುಂತಲ್ಲೆ ಕುಂದ್ರವಲ್ರಿ."

ಇರುವೆ ಕುರ್ಚಿಯಲ್ಲಿಲ್ಲ.

ಬಾಯಾರು ತೀರಿಕೊಂಡು ಎರಡು ತಿಂಗಳಾಯಿತು. ಅವರ ನೆನಪಿಗೆಂದು ಹಳೆಯ ವಿದ್ಯಾರ್ಥಿಗಳು ಒಂದು ಪುಸ್ತಕ ತರುತ್ತಿದ್ದಾರೆ. ಬರೆಯುವವರೆಲ್ಲ ಡಾಕ್ಟರುಗಳು, ಪ್ರೊಫೆಸರುಗಳು. ಅವರ ನಡುವೆ ಹತ್ತನೇ ಇಯತ್ತೆ ಕಲಿತ ಒಬ್ಬ ನಿವೃತ್ತ ಅಟೆಂಡರನಿಗೆ ಜಾಗ ಸಿಕ್ಕಿದೆ. ಯಾಕೆ ಸಿಕ್ಕಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಇಷ್ಟು ಹೇಳಿಬಿಡುತ್ತೇನೆ: ನಾನು ಬಾಯಾರಿಗೆ ಒಂದು ದ್ರೋಹ ಮಾಡಿದ್ದೇನೆ. ಅದನ್ನು ಅವರ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ.

ಅವರು ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಫಿಸಿಯಾಲಜಿ ಪ್ರೊಫೆಸರರಾಗಿದ್ದರು. ಡಾಕ್ಟರಾಗಲು ಬಂದ ಮಕ್ಕಳಿಗೆ ಮೊದಲ ವರ್ಷವೇ, ಮನುಷ್ಯನ ಮೈ ಹೇಗೆ ನಡೆಯುತ್ತದೆ ಎಂಬುದನ್ನು ಕಲಿಸುವ ವಿಭಾಗ ಅದು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರು ಬಂದ ಮೊದಲ ದಿನ ನನ್ನ ಬಾಯಿಂದ "ಬಾಯಾರ" ಎಂದು ಬಂದುಬಿಟ್ಟಿತು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೇ ಕರೆಯುವುದು. ನಾನು ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕರು.

"ಯಾವೂರಪಾ ನಿಂದು?"

"ಸವಣೂರ್ರೀ."

"ನಾ ಹಿರೇಕೆರೂರ ಕಡೆಯಾಕಿ. ಹಂಗ ಅನ್ನು. ಮೇಡಂ ಅಂದ್ರ ಹಿಂದ ಯಾರರ ನಿಂತಾರೇನೋ ಅಂತ ತಿರುಗಿ ನೋಡ್ತೇನಿ ನಾನು."

ಗಿಡ್ಡ ಆಳು, ಚುರುಕು ನಡಿಗೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು, ಕಳೆ ತೆಗೆಯಲು ಹೊರಟ ಹೆಂಗಸಿನ ಹಾಗೆ. ರಟ್ಟೀಹಳ್ಳಿ ಹತ್ತಿರದ ಹಳ್ಳಿಯಲ್ಲಿ ಅವರ ತಂದೆಗೆ ಎರಡೆಕರೆ ಹೊಲವಿತ್ತು. ಬುದ್ಧನನ್ನು ನಂಬಿದ ಮನೆ. ಅವರ ಮೇಜಿನ ಮೇಲೆ ಬೆರಳುದ್ದದ ಒಂದು ಬುದ್ಧನ ಮೂರ್ತಿ ಇರುತ್ತಿತ್ತು. ಅದರ ಕೆಳಗೆ ಹಾಳೆಗಳನ್ನು ಇಟ್ಟು, "ನಮ್ಮ ಕಾಗದ ಕಾಯೂ ಕೆಲಸ ಇವರದು" ಎನ್ನುತ್ತಿದ್ದರು. ಅವರದೊಂದು ಅಭ್ಯಾಸ ಎಲ್ಲರಿಗೂ ನೆನಪಿರಬೇಕು. ಸ್ಟೆಥಸ್ಕೋಪಿನ ತುದಿಯ ಬಿಲ್ಲೆಯನ್ನು ರೋಗಿಯ ಮೈಗೆ ಮುಟ್ಟಿಸುವ ಮೊದಲು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. "ತಣ್ಣಂದು ತಾಗಿದ್ರ ಮನಷ್ಯಾ ಮುದಡಿಕೊಳ್ತಾನ. ಮುದಡಿದಾಂವ ನಿಮಗ ಖರೇ ಹೇಳೂದಿಲ್ಲ" ಎಂದು ಹುಡುಗರಿಗೆ ಹೇಳುತ್ತಿದ್ದರು.

ಅವರು ಬರುವ ಮೊದಲು ಆ ವಿಭಾಗದಲ್ಲಿ ನನ್ನ ಕೆಲಸ ಕಪ್ಪೆ ತರುವುದು. ಹಾನಗಲ್ಲಿನ ಕೆರೆಯಂಚಿನಿಂದ, ಭತ್ತದ ಗದ್ದೆಗಳಿಂದ ಕಪ್ಪೆ ಹಿಡಿದು, ಹಸಿ ಗೋಣಿ ಹಾಸಿದ ಮರದ ಪೆಟ್ಟಿಗೆಯಲ್ಲಿ ತುಂಬಿ ಬಸ್ಸಿನಲ್ಲಿ ತರುತ್ತಿದ್ದೆ. "ಎಷ್ಟ ಮಂದಿ ಅದಾರೋ ಒಳಗ? ಎಲ್ಲಾರಿಗೂ ಟಿಕೀಟ ತಗಿ" ಎಂದು ಕಂಡಕ್ಟರು ಕಾಡುತ್ತಿದ್ದ. ಕಪ್ಪೆಯ ಬೆನ್ನುಹುರಿಗೆ ಸೂಜಿ ಇಳಿಸಿ ಮೇಜಿನ ಮೇಲೆ ಸಿದ್ಧ ಮಾಡಿಕೊಡುವವನೂ ನಾನೇ. ದೊಡ್ಡ ದೊಡ್ಡ ಮನೆತನದ ಹುಡುಗರು ಕೈ ನಡುಗಿಸುತ್ತ ನಿಂತಾಗ, "ಸರೀರಿ, ನಾ ತೋರಸ್ತೇನಿ" ಎಂದು ಮುಂದೆ ಬರುತ್ತಿದ್ದೆ. ಹುಡುಗರು ನನ್ನನ್ನು ಕಪ್ಪಿ ಕಾಕಾ ಎನ್ನುತ್ತಿದ್ದರು. ಸೂಟು ಹಾಕಿದ ಪರೀಕ್ಷಕರು ಕೂಡ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಆ ಹೆಸರಿನ ಮೇಲೆ ನನಗೆ ಎಷ್ಟು ಅಭಿಮಾನವಿತ್ತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಬಾಯಾರು ಬಂದ ಎರಡನೇ ವರ್ಷ ಕಪ್ಪೆ ನಿಲ್ಲಿಸಿದರು.

"ಇವರೇನು ಕಪ್ಪಿಗೆ ಔಷಧ ಕೊಡೋರೇನು? ಮನಷ್ಯಾರ ಕೈ ಹಿಡಿದು ನಾಡಿ ನೋಡಂದ್ರ ಅಂಜತಾವ ಹುಡುಗರು" ಎಂದರು. ಮೊದಲ ಪಾಠಕ್ಕೆ ಹುಡುಗರನ್ನು ಮೂರು ಮಹಡಿ ಮೆಟ್ಟಿಲು ಓಡಿಸಿ, ಏದುಸಿರು ಬಿಡುತ್ತಿರುವಾಗಲೇ ತಮ್ಮ ತಮ್ಮ ನಾಡಿ ಎಣಿಸಲು ಹೇಳಿದರು. ವಿಭಾಗದ ಮುಖ್ಯಸ್ಥರಾಗಿದ್ದ ದೊಡ್ಡ ಸರ್ ತಮ್ಮ ಕೋಣೆಯಿಂದ ಹೊರಗೆ ಬಂದು, "ಇದು ಕಾಲೇಜೋ, ತಾಲೀಮಖಾನೆಯೋ?" ಎಂದು ಕೇಳಿ ಬಾಗಿಲು ಹಾಕಿಕೊಂಡರು.

ನನ್ನ ಖಾಲಿ ಪೆಟ್ಟಿಗೆಯನ್ನು ಕೇಳಿ ಪಡೆದು, ಮುಚ್ಚಳದಲ್ಲಿ ಸೀಳು ಕೊರೆಸಿ, ತರಗತಿಯ ಬಾಗಿಲಲ್ಲಿ ಇಡಿಸಿದರು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ "ಇವತ್ತು ತಿಳಿಯದೆ ಹೋದದ್ದು ಏನು" ಎಂದು ಚೀಟಿ ಬರೆದು, ಹೆಸರು ಹಾಕದೆ, ಅದರೊಳಗೆ ಹಾಕಬೇಕು. ಮರುದಿನದ ಪಾಠ ಆ ಚೀಟಿಗಳಿಂದ ಶುರುವಾಗುತ್ತಿತ್ತು. ಒಂದು ಚೀಟಿಯಲ್ಲಿ "ನೀವು ಬಹಳ ಜೋರಾಗಿ ಮಾತಾಡುತ್ತೀರಿ" ಎಂದಿತ್ತು. ಅದನ್ನು ತರಗತಿಯಲ್ಲಿ ಜೋರಾಗಿಯೇ ಓದಿದರು. ಇನ್ನೊಂದರಲ್ಲಿ, "ನನಗೆ ಇಂಗ್ಲಿಷ್ ತಿಳಿಯುವುದಿಲ್ಲ, ಮನೆಗೆ ಹೋಗಬೇಕೆನಿಸುತ್ತದೆ" ಎಂದಿತ್ತು. ಅದನ್ನು ಓದಲಿಲ್ಲ. ಆ ವಾರದಿಂದ ಸಂಜೆ ಅರ್ಧ ಗಂಟೆ ಕನ್ನಡದಲ್ಲಿ ಪಾಠ ಶುರುವಾಯಿತು, ಬೇಕಾದವರು ಬರಬಹುದು ಎಂದು.

ನನ್ನನ್ನೂ ಬಿಡಲಿಲ್ಲ. ವಹಿ ಹಿಡಿದುಕೊಂಡು, ನಾನು ಕೂರುವ ಸಾಮಾನಿನ ಸ್ಟೋರಿಗೆ ಬರುತ್ತಿದ್ದರು. "ನಿಮ್ಮೂರಾಗ ಎದಿ ಬಡಿತ ಹೆಚ್ಚಾದ್ರ ಏನಂತಾರ?"

"ಎದಿ ಹಾರತೈತಿ ಅಂತಾರ್ರಿ."

"ಮತ್ತ ಎದಿ ನೋವು ಅನ್ನೂದಿಲ್ಲಾ?"

"ನೋವು ಅಂತ ಎಲ್ಲಿ ಅಂತಾರ್ರಿ. ಎದ್ಯಾಗ ಕಲ್ಲ ಇಟ್ಟಂಗ ಆಗೇತಿ ಅಂತಾರ. ಹೆಂಗಸರಾದ್ರ ಸಂಕಟ ಅಂತಾರ, ಅಷ್ಟ."

ಅದನ್ನೆಲ್ಲ ಬರೆದುಕೊಂಡು, ಮರುದಿನ ಹುಡುಗರ ಮುಂದೆ ನನ್ನನ್ನು ನಿಲ್ಲಿಸಿ, "ಇವರು ಈ ಪಾಠದ ಮಾಸ್ತರು" ಎಂದರು. ಇಷ್ಟು ಮರ್ಯಾದೆ ಕೊಟ್ಟವರ ಮೇಲೂ ನನಗೆ ಒಳಗೊಳಗೆ ಸಿಟ್ಟಿತ್ತು. ಯಾಕೆಂದರೆ ಕಪ್ಪೆ ಹೋದ ಮೇಲೆ ನನಗೆ ಅವರು ಕೊಟ್ಟ ಕೆಲಸ ಬೇರೆ.

ರಕ್ತದ ಒತ್ತಡ, ಅಂದರೆ ಬಿಪಿ, ನೋಡುವುದನ್ನು ಕಲಿಯಲು ಒಂದು ಮೈ ಬೇಕು. ನಾನು ಸ್ಟೂಲಿನ ಮೇಲೆ ಕೂತು ಬಲ ತೋಳು ಚಾಚಬೇಕು. ಹುಡುಗರು ಪಟ್ಟಿ ಕಟ್ಟಿ, ಗಾಳಿ ತುಂಬಿ, ಮೊಣಕೈ ಮಡಿಕೆಯಲ್ಲಿ ಬಿಲ್ಲೆಯಿಟ್ಟು, ನಿಧಾನವಾಗಿ ಗಾಳಿ ಬಿಡುತ್ತ ಕೇಳಬೇಕು. ಟಪ್ ಎಂಬ ಸದ್ದು ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬುದೇ ಮೇಲಿನ ಅಂಕಿ, ಕೆಳಗಿನ ಅಂಕಿ. ಮೊದಲ ದಿನವೇ ನನ್ನ ಜೊತೆಯ ಅಟೆಂಡರ್ ಮಕ್ತುಮ ಬಾಗಿಲಲ್ಲಿ ನಿಂತು ಹಲ್ಲು ಕಿರಿದ: "ಏನ ದೋಸ್ತ, ಕಪ್ಪಿ ಹೋತು, ಆ ಜಾಗಾಕ್ಕ ನೀ ಬಂದಿ. ಸೂಜಿ ಯಾವಾಗ ಚುಚ್ಚತಾರ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನನ್ನ ಹೊಟ್ಟೆಯಲ್ಲಿ ಉಳಿಯಿತು.

ಹುಡುಗರಿಗೆ ಆ ಸದ್ದು ಕೇಳಿಸುವುದೇ ಇಲ್ಲ ಎಂಬುದು ಬಾಯಾರ ತಕರಾರು. ಕೇಳಿಸದಿದ್ದಾಗ ಹುಡುಗರು ಪುಸ್ತಕದಲ್ಲಿದ್ದ ನೂರಾ ಇಪ್ಪತ್ತು, ಎಂಬತ್ತು ಎಂಬುದನ್ನು ಬರೆದುಬಿಡುತ್ತಿದ್ದರು. "ಊರ ಮಂದೀದೆಲ್ಲಾ ಒಂದ ಬಿಪಿ ಹೆಂಗಪಾ? ಎಲ್ಲಾರೂ ಒಬ್ಬ ಅವ್ವನ ಹೊಟ್ಯಾಗ ಹುಟ್ಯಾರೇನು?" ಎಂದು ರೇಗುತ್ತಿದ್ದರು. ಒಬ್ಬೊಬ್ಬರನ್ನೂ ಕೂಡಿಸಿ ಕಲಿಸಲು ವಾರಕ್ಕೆ ಎರಡು ಗಂಟೆ ಬೇಕು, ಪರೀಕ್ಷೆಯಲ್ಲಿ ಅದಕ್ಕೆ ಬೇರೆ ಮಾರ್ಕು ಬೇಕು ಎಂದು ದೊಡ್ಡ ಸರ್ ಹತ್ತಿರ ಕೇಳಿದರು. ನಮ್ಮ ಹುಡುಗರಿಗೆ ಬರುತ್ತದೆ ಎಂದು ಅವರು, ಬರುವುದಿಲ್ಲ ಎಂದು ಇವರು. ಕಡೆಗೆ ಬಾಯಾರೇ ಒಂದು ಪಂಥ ಕಟ್ಟಿದರು: ಒಂದು ಬ್ಯಾಚಿನ ಇಪ್ಪತ್ತೈದು ಮಂದಿಗೆ ಪರೀಕ್ಷೆ ಇಡೋಣ, ಅಂಕಿ ಲಕೋಟೆಯಲ್ಲಿರಲಿ, ಹುಡುಗರು ಕೇಳಿ ಬರೆಯಲಿ, ಬಂದರೆ ನಾನು ಸುಮ್ಮನಾಗುತ್ತೇನೆ.

ಕೂರುವ ಮೈ ನನ್ನದೇ. ನನ್ನ ಬಿಪಿ ಪುಸ್ತಕದ್ದಲ್ಲ ಎಂಬ ಕಾರಣಕ್ಕೆ ಅವರು ನನ್ನನ್ನು ಆರಿಸಿದ್ದರು.

ಬೆಳಿಗ್ಗೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿ, ನೋಡಿ, ಚೀಟಿ ಬರೆದು ಲಕೋಟೆಗೆ ಹಾಕಿದರು. "ಎಷ್ಟೈತ್ರಿ ಬಾಯಾರ?" ಎಂದು ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ನಿನಗ್ಯಾಕೆ ಎನ್ನುತ್ತಿದ್ದರು. ಬಾಯಾರು ಹಾಗಲ್ಲ. "ನಿನ್ನ ಮೈ ಐತಿ, ನಿನಗ ಹೇಳಲಾರದ ಯಾರಿಗೆ ಹೇಳ್ಲಿ? ನೂರಾ ಐವತ್ತನಾಕು, ತೊಂಬತ್ತಾರು. ಉಪ್ಪು ಕಡಿಮಿ ಮಾಡು, ಸವಣೂರ ಖಾರಾ ಬಿಡು" ಎಂದರು. ಹತ್ತು ಮಂದಿ ಮುಗಿದ ಮೇಲೊಮ್ಮೆ ಬಂದು ಮತ್ತೆ ನೋಡಿದರು, ಮತ್ತೆ ಹೇಳಿದರು. ಇವನು ಯಾರಿಗೂ ಹೇಳುವವನಲ್ಲ ಎಂಬ ನಂಬಿಕೆ.

ನಾನು ಹಿಂದಿನ ದಿನವೇ ಹಾಸ್ಟೆಲಿನ ಹುಡುಗರಿಗೆ ಹೇಳಿಯಾಗಿತ್ತು: "ನನ್ನ ಎಡಗೈ ಮ್ಯಾಲೆ ಕಣ್ಣಿಡ್ರಿ. ಎಲ್ಲಾರೂ ಒಂದ ಬರಿಬ್ಯಾಡ್ರಿ, ಎರಡು ಹೆಚ್ಚು ಕಡಿಮಿ ಬರೀರಿ." ಬಲ ತೋಳಿಗೆ ಪಟ್ಟಿ ಕಟ್ಟಿರುವಾಗ ಎಡಗೈ ತೊಡೆಯ ಮೇಲಿರುತ್ತದೆ. ಬೆರಳು ಚಾಚಿದೆ. ಒಂದು, ಐದು, ನಾಲ್ಕು. ಸ್ವಲ್ಪ ತಡೆದು, ಐದು ಮತ್ತು ನಾಲ್ಕು, ಆಮೇಲೆ ಐದು ಮತ್ತು ಒಂದು. ಇದಕ್ಕಾಗಿ ಯಾರ ಕೈಯಿಂದಲೂ ಒಂದು ಕಪ್ಪು ಚಹಾ ಕೂಡ ಕುಡಿಯಲಿಲ್ಲ. ಹುಡುಗರ ಮೇಲಿನ ಕನಿಕರವೆಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನಿಲ್ಲದೆ ಆ ಕೋಣೆಯಲ್ಲಿ ಏನೂ ನಡೆಯುವುದಿಲ್ಲ ಎಂದು ಒಮ್ಮೆ ಮತ್ತೆ ಅನ್ನಿಸಬೇಕಿತ್ತು. ಕಪ್ಪೆಯ ಜಾಗದಲ್ಲಿ ಕೂಡಿಸಿದವರಿಗೆ ಒಂದು ಪೆಟ್ಟು ಕೊಡಬೇಕಿತ್ತು.

ಇಪ್ಪತ್ತನಾಲ್ಕು ಮಂದಿ ಸರಿಯಾಗಿ ಬರೆದರು. ಒಬ್ಬಳು ಮಾತ್ರ ತಪ್ಪಿದಳು. ಹಾನಗಲ್ ತಾಲೂಕಿನ ಹಳ್ಳಿಯ ಹುಡುಗಿ, ಕನ್ನಡ ಶಾಲೆಯಿಂದ ಬಂದವಳು. ಅವಳಿಗೂ ಬೆರಳಿನ ಮಾತು ತಲುಪಿತ್ತೋ ಇಲ್ಲವೋ ಕಾಣೆ. ಪಟ್ಟಿ ಕಟ್ಟಿ, ಬಿಲ್ಲೆಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿ ಮೊಣಕೈ ಮಡಿಕೆಯಲ್ಲಿಟ್ಟವಳೇ ಕಣ್ಣು ಮುಚ್ಚಿಬಿಟ್ಟಳು. ನಾನು ತೊಡೆಯ ಮೇಲೆ ಬೆರಳು ಆಡಿಸಿದ್ದೇ ಆಡಿಸಿದ್ದು. ಕಣ್ಣು ತೆರೆಯಲಿಲ್ಲ. ಕಡೆಗೆ ಹಾಳೆಯ ಮೇಲೆ, ಅಂಕಿ ಬರೆಯುವ ಜಾಗದಲ್ಲಿ, "ಕೇಳಿಸಲಿಲ್ಲ" ಎಂದು ಬರೆದು ಎದ್ದು ಹೋದಳು.

ಹಾಳೆಗಳನ್ನು ನೋಡಿ ದೊಡ್ಡ ಸರ್ ಮೇಜು ತಟ್ಟಿ ನಕ್ಕರು. "ಮೇಡಂ, ನಿಮ್ಮ ಹುಡುಗರು ನಿಮಗಿಂತ ಶಾಣ್ಯಾ ಅದಾರ. ಇನ್ನೇನ ತಕರಾರು?"

ಬಾಯಾರು ಜಗಳಕ್ಕೆ ನಿಲ್ಲಬಹುದು, ಮೋಸವಾಗಿದೆ ಎನ್ನಬಹುದು ಎಂದು ನಾನು ಬಾಗಿಲ ಹಿಂದೆ ಬೆವರುತ್ತಿದ್ದೆ. ಅವರು ಒಂದೊಂದೇ ಹಾಳೆಯನ್ನು ಎರಡೆರಡು ಸಲ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಹಂಗಾರ ನಾನ ತಪ್ಪು ತಿಳಕೊಂಡಿದ್ದೆ ಸರ್. ಪರೀಕ್ಷಾ ನಾನ ಇಟ್ಟಿದ್ದು. ಅದು ಹೇಳಿದ್ದನ್ನ ನಂಬಬೇಕಲ್ಲ."

ನಂಬಿದರು. ಬಿಪಿಯ ಮಾತನ್ನು ಅಲ್ಲಿಗೇ ಬಿಟ್ಟು, ಬೇರೆ ಸುಧಾರಣೆಗಳ ಕಡೆ ತಿರುಗಿದರು. ಯಾರಾದರೂ ಕೇಳಿದರೆ, "ಅದು ನಮ್ಮ ಹುಡುಗರಿಗೆ ಬರತೈತಿ, ನೋಡೇನಿ" ಎನ್ನುತ್ತಿದ್ದರು. ತಮ್ಮ ಕಿವಿಗಿಂತ, ತಮ್ಮ ಅನುಭವಕ್ಕಿಂತ, ನನ್ನ ಸುಳ್ಳು ಬೆರಳುಗಳನ್ನು ನಂಬಿದರು.

ತಪ್ಪಿದ ಆ ಹುಡುಗಿಯನ್ನು ಮಾತ್ರ ಬಿಡಲಿಲ್ಲ. ಅವಳ ಹಾಳೆಗೆ ಅರ್ಧ ಮಾರ್ಕು ಹಾಕಿ, "ಕೇಳಿಸಲಿಲ್ಲ ಅಂತ ಬರಿಯಾಕ ಎದಿ ಬೇಕು. ಅದಕ್ಕ ಈ ಮಾರ್ಕು. ಉಳಿದದ್ದಕ್ಕ ದಿನಾ ಮಧ್ಯಾಹ್ನ ಬಾ" ಎಂದರು. ಒಂದು ತಿಂಗಳು ಮಧ್ಯಾಹ್ನ ಅವಳು ನನ್ನ ತೋಳಿನ ಮೇಲೆ ಕಲಿತಳು. ನಾನು ಊಟದ ಡಬ್ಬಿ ಮುಚ್ಚಿಟ್ಟು ಕೂರುತ್ತಿದ್ದೆ. ಅವಳು ಕಣ್ಣು ಮುಚ್ಚಿದಾಗಲೆಲ್ಲ ನನ್ನ ಎಡಗೈಯನ್ನು ತೊಡೆಯ ಕೆಳಗೆ ತುರುಕಿಕೊಳ್ಳುತ್ತಿದ್ದೆ.

ಏಳು ವರ್ಷ ಹೀಗೆ ಹೋಯಿತು. ನಾನೂ ಮರೆತಂತೆ ಇದ್ದೆ.

ನನ್ನ ಅಕ್ಕನನ್ನು ಶಿಗ್ಗಾಂವಿಗೆ ಕೊಟ್ಟಿತ್ತು. ಒಂದು ದಿನ ಅವಳು, "ತಲಿ ಸಿಡದು ಹೋಗತೈತೋ ತಮ್ಮಾ" ಎಂದು ಹೇಳಿಕಳಿಸಿದಳು. ಹೋಗಿ ಅಲ್ಲಿಯೇ ಹೊಸದಾಗಿ ದವಾಖಾನೆ ಇಟ್ಟಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟ ಕೂಡಲೇ ಡಾಕ್ಟರು ಕುರ್ಚಿಯಿಂದ ಎದ್ದರು. "ಅರೆ, ಕಪ್ಪಿ ಕಾಕಾ! ಬರ್ರಿ, ಕುಂದರ್ರಿ." ನಮ್ಮ ಕಾಲೇಜಿನ ಹುಡುಗ. ಆ ಇಪ್ಪತ್ತನಾಲ್ಕರಲ್ಲಿ ಒಬ್ಬ.

ಚಹಾ ತರಿಸಿದರು. ದೊಡ್ಡ ಸರ್ ಬಗ್ಗೆ, ಹಾಸ್ಟೆಲಿನ ಸಾರಿನ ಬಗ್ಗೆ ಮಾತಾಡುತ್ತಲೇ ಅಕ್ಕನ ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿ ಗಾಳಿ ತುಂಬಿದರು. ಆಮೇಲೆ ನನ್ನ ಕಡೆ ಕಣ್ಣು ಮಿಟುಕಿಸಿ, "ಏನ್ ಕಾಕಾ, ಅಕ್ಕಾರದು ಎಷ್ಟೈತಿ? ಬೆರಳ ಮಾಡಿ ಹೇಳ್ರಿ ನೋಡೂಣು!" ಎಂದರು.

ನಾನು ನಕ್ಕೆ. ಹೆಮ್ಮೆಯಿಂದ ನಕ್ಕೆ. ಡಾಕ್ಟರೊಬ್ಬರು ಇಷ್ಟು ವರ್ಷ ನೆನಪಿಟ್ಟಿದ್ದಾರಲ್ಲ ಎಂದು. ಅಕ್ಕನಿಗೆ ತಿಳಿಯದಿದ್ದರೂ ಅವಳೂ ನಕ್ಕಳು. ಚೀಟಿಯಲ್ಲಿ ನೂರಾ ಇಪ್ಪತ್ತು, ಎಂಬತ್ತು ಎಂದು ಬರೆದು, ತಲೆನೋವಿನ ಗುಳಿಗೆ ಕೊಟ್ಟರು.

ಮೂರು ವಾರದ ಮೇಲೆ ಅಕ್ಕ ರೊಟ್ಟಿ ಬಡಿಯುತ್ತ ಕುಳಿತವಳು ಪಕ್ಕಕ್ಕೆ ವಾಲಿದಳು. ಬಲಭಾಗ ಬಿದ್ದುಹೋಯಿತು. ಮಾತು ಹೋಯಿತು. ಮತ್ತೆ ನಾಲ್ಕು ವರ್ಷ ಬದುಕಿದ್ದಳು. ನನ್ನನ್ನು ಕಂಡರೆ ತಮ್ಮಾ ಎನ್ನಲು ಬಾಯಿ ತೆರೆಯುತ್ತಿದ್ದಳು, ಬೇರೆ ಏನೋ ಸದ್ದು ಬರುತ್ತಿತ್ತು. ಆ ದಿನ ಸರಿಯಾಗಿ ನೋಡಿದ್ದರೆ ಇದು ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಅಷ್ಟು ಕಲಿತವನಲ್ಲ. ಆದರೆ ಆ ಡಾಕ್ಟರ ಕಿವಿಯಲ್ಲಿ ಅಂದು ಏನಿತ್ತು, ಏನಿರಲಿಲ್ಲ ಎಂಬುದು ನನಗೆ ಗೊತ್ತು.

ರಜೆ ಮುಗಿಸಿ ಕೆಲಸಕ್ಕೆ ಬಂದಾಗ ಬಾಯಾರು ಸ್ಟೋರಿಗೆ ಬಂದರು.

"ಅಕ್ಕಂದು ಬಿಪಿ ಎಷ್ಟಿತ್ತು?"

"ನೂರಾ ಇಪ್ಪತ್ತು, ಎಂಬತ್ತು ಅಂತ ಬರದಿತ್ರಿ."

"ಡಾಕ್ಟರ ಸ್ಟೆಥಸ್ಕೋಪ್ ಎಲ್ಲಿತ್ತು?"

"ಕೊರಳಾಗ ಇತ್ರಿ."

"ಕಿವ್ಯಾಗ ಹಾಕಿದ್ನ?"

"ಇಲ್ರಿ."

ಆಗ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಬಂದದ್ದರಲ್ಲಿ ಅರ್ಧ ಮಾತ್ರ ಹೊರಬಿತ್ತು: "ಬಾಯಾರ, ಆ ಪರೀಕ್ಷಾ ಇನ್ನೊಮ್ಮೆ ಇಡ್ರಿ. ಈ ಸಲ ನನ್ನ ಕುಂದರಸಬ್ಯಾಡ್ರಿ. ಬ್ಯಾರೇದವರನ್ನ ಕುಂದರಸ್ರಿ."

"ಯಾಕ?"

"ನಂದು ಎಲ್ಲಾರಿಗೂ ಬಾಯಿಪಾಠ ಆಗೇತ್ರಿ."

ಬಹಳ ಹೊತ್ತು ನನ್ನನ್ನು ನೋಡಿದರು. ಇನ್ನೇನೂ ಕೇಳಲಿಲ್ಲ. ಆಗಲೇ ಅವರಿಗೆ ತಿಳಿಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಮಾಡಿಕೊಳ್ಳುವುದಿಲ್ಲ. ಅವರ ಬಾಯಿಂದ ಕೇಳದೇ ಇದ್ದದ್ದನ್ನು ನಾನು ಬರೆಯಬಾರದು.

ಆ ತಿಂಗಳು ಮಕ್ತುಮನನ್ನು ಕೂಡಿಸಿ ಪರೀಕ್ಷೆ ಇಟ್ಟರು. ಇಪ್ಪತ್ತೈದು ಮಂದಿಯಲ್ಲಿ ಸರಿಯಾಗಿ ಬರೆದವರು ಆರು. ಉಳಿದವರು ಬರೆದದ್ದು ಪುಸ್ತಕದ ಅಂಕಿ. ತಾವು ಹೇಳಿದ್ದೇ ನಿಜವಾಯಿತೆಂದು ಬಾಯಾರ ಮುಖದಲ್ಲಿ ಗೆಲುವು ಕಾಣಲಿಲ್ಲ. ಹಾಳೆಗಳನ್ನು ಬುದ್ಧನ ಕೆಳಗೆ ಇಟ್ಟು, "ಏಳು ಬ್ಯಾಚ್ ಹೋದ್ವಲ್ಲೋ" ಎಂದರು. "ಏಳು ಬ್ಯಾಚ್. ಎಲ್ಲೆಲ್ಲಿ ಕುಂತು ಏನೇನ ಬರಿಯಾಕತ್ತಾರೋ." ನಾನು ಕಿಟಕಿ ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸುತ್ತಿದ್ದೆ.

ಅಲ್ಲಿಂದ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಳೆದ ಏಳು ವರ್ಷವನ್ನು ಓಡಿ ಹಿಡಿಯುವವರಂತೆ ತಿರುಗಿದರು. ದೊಡ್ಡ ಸರ್ ನಿವೃತ್ತರಾದ ಮೇಲೆ ವಿಭಾಗ ಇವರ ಕೈಗೆ ಬಂತು. ಗಂಟೆ ಹೊಡೆದ ಕೂಡಲೇ ಹುಡುಗರು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತ, ಪ್ರತಿ ಮೇಜಿನಲ್ಲೂ ಒಂದು ಕೆಲಸ ಮಾಡಿ ತೋರಿಸುವಂಥ ಪರೀಕ್ಷೆ ತಂದರು. ಅಂಕಿಯ ಜಾಗದಲ್ಲಿ ಕೇಳಿಸಲಿಲ್ಲ ಎಂದು ಬರೆದವರಿಗೂ ಅರ್ಧ ಮಾರ್ಕು ಎಂದು ನಿಯಮ ಮಾಡಿದರು. ರವಿವಾರ ಬಂದರೆ ಮೊದಲ ವರ್ಷದ ಹುಡುಗರನ್ನು ಬಸ್ಸಿಗೆ ಹತ್ತಿಸಿ ಹುಲಗೂರಿಗೋ ನಮ್ಮ ಸವಣೂರಿಗೋ ಕರೆತಂದು, ದರ್ಗಾದ ಕಟ್ಟೆಯ ಮೇಲೆ, ಮಠದ ಜಗುಲಿಯ ಮೇಲೆ ಕೂಡಿಸಿ ಮುದುಕರ ಬಿಪಿ ನೋಡಿಸುತ್ತಿದ್ದರು. "ನಂದು ಎಷ್ಟೈತವ್ವಾ?" ಎಂದು ಮುದುಕರು ಕೇಳಿದರೆ ಹುಡುಗರು ಹೇಳಲೇಬೇಕು. ಬೇರೆ ಕಾಲೇಜುಗಳ ಮಾಸ್ತರರಿಗೆ ಕಲಿಸುವುದನ್ನು ಕಲಿಸಲು ಊರೂರು ಅಲೆದರು. "ಹುಡುಗರಿಗೆ ಕಲಸೂದು ಸಲೀಸು. ತಮಗ ಬರೂದಿಲ್ಲಂತ ಅವಕ್ಕ ಗೊತ್ತಿರತೈತಿ. ಮಾಸ್ತರದು ಅದ ತ್ರಾಸು" ಎಂದು ಹೇಳಿ ಜೋರಾಗಿ ನಗುತ್ತಿದ್ದರು. ಈಗ ಮೊದಲ ವರ್ಷದಿಂದಲೇ ರೋಗಿಗಳ ಹತ್ತಿರ ಕರೆದೊಯ್ಯುವ ಪದ್ಧತಿ ಎಲ್ಲ ಕಡೆ ಬಂದಿದೆಯಂತೆ. ಅದರಲ್ಲಿ ಬಾಯಾರ ಪಾಲು ಎಷ್ಟೆಂದು ಈ ಪುಸ್ತಕದ ಬೇರೆಯವರು ಬರೆದಿರುತ್ತಾರೆ. ಏಳು ವರ್ಷ ಮೊದಲೇ ಬರಬೇಕಾದದ್ದನ್ನು ತಡೆದವನು ಯಾರು ಎಂಬುದನ್ನು ನಾನು ಬರೆಯಬೇಕು.

ಕಳೆದ ವರ್ಷ ಅವರಿಗೆ ಹುಷಾರಿಲ್ಲವೆಂದು ಕೇಳಿ ಹೊರಟೆ. ನಿವೃತ್ತರಾದ ಮೇಲೆ ಅವರು ತಮ್ಮ ಊರಿಗೇ ಹೋಗಿದ್ದರು. ಸವಣೂರಿನಿಂದ ಶಿಗ್ಗಾಂವಿ. ಅಲ್ಲಿ ಇಳಿದು ವಾಪಸ್ಸು ಬರುವ ಬಸ್ಸಿನ ಹತ್ತಿರ ನಿಂತೆ. ಅದು ಹೋಯಿತು, ನಾನು ಹತ್ತಲಿಲ್ಲ. ಶಿಗ್ಗಾಂವಿಯಿಂದ ಹಾನಗಲ್. ಅಲ್ಲಿಯೂ ಹಾಗೇ. ಹಾನಗಲ್ಲಿನಿಂದ ಹಿರೇಕೆರೂರಿನ ಬಸ್ಸಿನಲ್ಲಿ ಎರಡು ಸಲ ಸೀಟು ಬದಲಿಸಿದೆ. "ಏನ್ ಯಜಮಾನ್ರ, ಮೂಳವ್ಯಾಧಿ ಐತೇನು?" ಎಂದು ಕಂಡಕ್ಟರು ಕೇಳಿದ.

ಬಾಯಾರು ಕಟ್ಟೆಯ ಮೇಲೆ ಕೂತಿದ್ದರು. ಬಹಳ ಸೊರಗಿದ್ದರು. ಎದುರಿಗೆ ಆರೇಳು ಆಶಾ ಕಾರ್ಯಕರ್ತೆಯರು, ಪಾಠ ನಡೆದಿತ್ತು. ನನ್ನನ್ನು ಕಂಡದ್ದೇ, "ಬಾ ಬಾ, ಸರಿಯಾದ ಹೊತ್ತಿಗೆ ಬಂದಿ. ಇವರಿಗೆ ಒಂದು ತೋಳು ಬೇಕಾಗಿತ್ತು" ಎಂದು ಪಟ್ಟಿ ತೆಗೆದುಕೊಂಡರು. ಬಿಲ್ಲೆ ಮುಷ್ಟಿಯೊಳಗೆ ಹೋಯಿತು.

"ಬಾಯಾರ, ನಿಮಗೊಂದು ಮಾತು ಹೇಳಬೇಕಾಗೇತ್ರಿ."

"ಶ್! ಪಟ್ಟಿ ಕಟ್ಟಿದಾಗ ಮಾತಾಡಬಾರದು. ಮಾತಾಡಿದ್ರ ಏರತೈತಿ. ಇಷ್ಟ ವರ್ಷ ಕುಂತು ಅಷ್ಟೂ ಕಲೀಲಿಲ್ಲಾ?" ಆಶಾ ಹೆಣ್ಣುಮಕ್ಕಳು ನಕ್ಕರು. ಬಾಯಾರು ಕೇಳಿ, ಪಟ್ಟಿ ಬಿಚ್ಚಿ, ಎಂದಿನಂತೆ ನನಗೇ ಮೊದಲು ಹೇಳಿದರು: "ನೂರಾ ಎಪ್ಪತ್ತು, ನೂರು. ಏನ ಹೊತಗೊಂಡು ತಿರಗಾಕತ್ತೀಯೋ ಇಷ್ಟು? ಈಗ ಹೇಳು."

ಪಟ್ಟಿ ಬಿಚ್ಚಿತ್ತು. ಅವರು ಕೇಳಿದ್ದರು. ನಾನು ಹೇಳಿದ್ದು ಇಷ್ಟು: "ಬಿಸಲಾಗ ಬಂದೇನ್ರಿ, ಅದಕ್ಕ ಇರಬೇಕು."

ಎರಡು ತಿಂಗಳ ಹಿಂದೆ ಅವರು ಹೋದರು. ಅವರ ಊರಿನ ಶಾಲೆಯಲ್ಲಿ ನೆನಪಿನ ಸಭೆಯಾಯಿತು. ನನ್ನನ್ನೂ ಮಾತಾಡಲು ಎಬ್ಬಿಸಿದರು. ಕಪ್ಪೆಗೆ ಟಿಕೀಟು ಕೇಳಿದ ಕಂಡಕ್ಟರನ ಕಥೆ ಹೇಳಿದೆ. ಎಲ್ಲರೂ ನಕ್ಕರು. ಕೂತುಬಿಟ್ಟೆ.

ಸಭೆ ಮುಗಿದ ಮೇಲೆ ಒಬ್ಬ ಡಾಕ್ಟರಮ್ಮ ಹತ್ತಿರ ಬಂದರು. "ಕಾಕಾ, ಗುರುತು ಸಿಕ್ತೇನ್ರಿ?" ಕಣ್ಣು ಮುಚ್ಚಿದ್ದ ಹುಡುಗಿ. ಈಗ ತಲೆಯಲ್ಲಿ ಬಿಳಿಕೂದಲು. ಹಾನಗಲ್ಲಿನಲ್ಲಿ ಆಸ್ಪತ್ರೆ ನಡೆಸುತ್ತಾರೆ. ಅಲ್ಲಿಯವರೆಗೆ ಕಾರಿನಲ್ಲಿ ಬಿಡುತ್ತೇನೆಂದರು.

ಚಿಕ್ಕೇರೂರು ದಾಟಿದ ಮೇಲೆ ಅವರೇ ಮಾತು ತೆಗೆದರು. "ನೀವು ಒಂದು ತಿಂಗಳು ನನ್ನ ಸಲುವಾಗಿ ಊಟಾ ಬಿಟ್ಟು ಕುಂತ್ರಿ ಕಾಕಾ. ಅದನ್ನ ನಾ ಮರತಿಲ್ಲ. ಇಡೀ ಬ್ಯಾಚಿನ್ಯಾಗ ನನಗ ಒಬ್ಬಾಕಿಗೆ ಕೇಳಿಸಲಿಲ್ಲ ಅವತ್ತು. ನನ್ನ ಕಿವಿ ಮಂದ ಅಂತ ಅವತ್ತ ತಿಳಕೊಂಡೆ. ಇವತ್ತಿಗೂ ಒಬ್ಬೊಬ್ಬರದು ಮೂರು ಮೂರು ಸಲ ನೋಡ್ತೇನಿ. ಪೇಶಂಟರು ಬೈತಾರ, ಎಷ್ಟ ಹೊತ್ತ್ರೀ ಅಂತ. ಏನ ಮಾಡ್ಲಿ? ಉಳದವರಿಗೆ ಒಮ್ಮೆ ಕೇಳಸ್ತೈತಿ, ನನಗ ಇಲ್ಲ."

ನಾನು ಕಿಟಕಿಯ ಗಾಜು ಇಳಿಸಿದೆ. ಏರಿಸಿದೆ. ಕಾರು ನಿಲ್ಲಿಸಿದರೆ ಇಳಿದು ನಡೆದೇ ಹೋಗುತ್ತೇನೆ ಎನ್ನಿಸಿತು. ಮೂವತ್ತು ವರ್ಷದ ಹತ್ತಿರ ಈ ಹೆಂಗಸು ತನ್ನ ಕಿವಿಯನ್ನು ನಂಬದೆ ಬದುಕಿದ್ದಾಳೆ. ಹಾನಗಲ್ಲಿನ ಕೆರೆ ಕಾಣಿಸಿತು, ನಾನು ಕಪ್ಪೆ ಹಿಡಿಯುತ್ತಿದ್ದ ಅಂಚು.

"ಅವ್ವಾ, ಅವತ್ತ ಯಾರಿಗೂ ಕೇಳಿಸಿರಲಿಲ್ಲ. ಯಾರೂ ಕೇಳಾಕ ಹೋಗಿರಲಿಲ್ಲ. ಎಲ್ಲಾರೂ ನನ್ನ ಎಡಗೈ ನೋಡಿ ಬರದ್ರು. ನಾ ಬೆರಳ ಮಾಡಿ ಹೇಳಿದ್ದೆ. ನೀ ಒಬ್ಬಾಕಿ ಕಣ್ಣು ಮುಚ್ಚಿದ್ದಿ."

ಕಾರು ಕೆರೆಯ ಏರಿಯ ಮೇಲೆ ನಿಂತಿತು. ಅವರು ಎದುರಿನ ಗಾಜನ್ನೇ ನೋಡುತ್ತಿದ್ದರು. ಉಳಿದದ್ದನ್ನೂ ಹೇಳಿದೆ. ಮಕ್ತುಮನ ಮಾತು, ಅಕ್ಕನ ಚೀಟಿ, ಏಳು ಬ್ಯಾಚು.

"ಬಾಯಾರಿಗೆ ಹೇಳಿದ್ರೇನು?"

"ಇಲ್ಲವ್ವಾ."

"ಹೇಳಬೇಕಿತ್ತು."

ಬಸ್ ನಿಲ್ದಾಣಕ್ಕೆ ಕಾರು ತಂದು ನಿಲ್ಲಿಸಿದರು. ನಾನು ಇಳಿದು ಬಾಗಿಲು ಹಾಕುವಾಗ ಹೇಳಿದರು: "ಪುಸ್ತಕ ಮಾಡೂದು ನಾನ. ಎಲ್ಲಾರೂ ಬಾಯಾರು ಹಂಗಿದ್ರು, ಹಿಂಗಿದ್ರು ಅಂತ ಬರೀತಾರ. ನೀವು ಇದನ್ನ ಬರೀರಿ. ಒಂದೂ ಬಿಡಬ್ಯಾಡ್ರಿ."

"ನನಗ ಬರಿಯಾಕ ಎಲ್ಲಿ ಬರತೈತವ್ವಾ?"

"ಬೆರಳಿನ್ಯಾಗ ಹೇಳಾಕ ಬರತಿತ್ತಲ್ಲ ಕಾಕಾ?" ಎಂದು, ಹಿಂದೆ ತಿರುಗಿ ನೋಡದೆ ಕಾರು ಬಿಟ್ಟರು.

ಬರೆದಿದ್ದೇನೆ. ಬಲಗೈ ಬರೆಯುವಾಗ ಎಡಗೈ ಹಾಳೆ ಹಾರದಂತೆ ಒತ್ತಿ ಹಿಡಿದಿತ್ತು.

ಆ ಏಳು ಬ್ಯಾಚಿನವರು ಈ ಪುಸ್ತಕ ಓದುತ್ತೀರಿ. ಈಗ ನಿಮಗೆ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ನನ್ನನ್ನು ಏನೆಂದರೂ ಸರಿ. ಆದರೆ ನಾಳೆ ಬೆಳಿಗ್ಗೆ ಮೊದಲ ಪೇಶಂಟು ಬಂದು ಕುಳಿತಾಗ, ಅವರ ತೋಳಿನ ಬಟ್ಟೆ ಮೇಲೆ ಸರಿಸಿರಿ. ಬಿಲ್ಲೆಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿರಿ. ಕಣ್ಣು ಮುಚ್ಚಿ ಕೇಳಿರಿ. ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದು ಬರೆಯಿರಿ. ಬಾಯಾರು ಅದಕ್ಕೂ ಮಾರ್ಕು ಕೊಡುತ್ತಿದ್ದರು.